ಬಣ್ಣ ಹಚ್ಚದೆ ಬಿಟ್ಟ ಕೆನ್ನೆ

ಕರೋಲ್ ಬಾಗಿನಲ್ಲಿ ಶಂಕರಣ್ಣನ ಹೋಟೆಲಿನ ಹೆಸರು ಹೇಳಿದರೆ ಸೈಕಲ್ ರಿಕ್ಷಾದವರು ತಲೆ ಕೆರೆದುಕೊಳ್ಳುತ್ತಾರೆ. ‘ಗುಸ್ಸೇವಾಲೇ ಭಯ್ಯಾ ಕಾ ಡೋಸಾ’ ಎಂದರೆ ಮಾತ್ರ ನೇರ ಬಾಗಿಲಿಗೆ ತಂದು ಇಳಿಸುತ್ತಾರೆ. ಆ ಸಿಟ್ಟಿನ ಭಯ್ಯಾನೇ ತನಿಯಪ್ಪ. ವಯಸ್ಸು ನಲವತ್ತೊಂಬತ್ತು, ಓದಿದ್ದು ಐದನೇ ಕ್ಲಾಸು, ದೋಸೆ ಕಾವಲಿಯ ಮುಂದೆ ನಿಂತದ್ದು ಮೂವತ್ತು ವರ್ಷ.

ಕಾರ್ಕಳದ ಕಡೆಯಿಂದ ಅವನೂ ಶಂಕರನೂ ಒಂದೇ ರೈಲಿನಲ್ಲಿ, ಒಂದೇ ಚಾಪೆ ಹಂಚಿಕೊಂಡು ದೆಹಲಿಗೆ ಬಂದವರು. ಇಬ್ಬರೂ ಒಂದೇ ಹೋಟೆಲಿನಲ್ಲಿ ಲೋಟ ತೊಳೆದರು. ಶಂಕರನಿಗೆ ಮಾತು ಬರುತ್ತಿತ್ತು, ಗಲ್ಲಾಪೆಟ್ಟಿಗೆಗೆ ಹೋದ. ತನಿಯಪ್ಪನಿಗೆ ಮಾತು ಬಾರದು, ಕೈ ಬರುತ್ತಿತ್ತು, ಕಾವಲಿಗೆ ಹೋದ. ಮುಂದೆ ಶಂಕರ ಸ್ವಂತ ಹೋಟೆಲು ಹಾಕಿದ ದಿವಸ ತನಿಯಪ್ಪನ ಬಾಯಲ್ಲಿ ‘ಶಂಕರಣ್ಣ’ನಾದ. ಶಂಕರಣ್ಣನ ಬಾಯಲ್ಲಿ ಇವನು ಮಾತ್ರ ಹಳೆಯ ‘ತನಿಯ’ನೇ ಆಗಿ ಉಳಿದ. ಅದಕ್ಕೆ ತನಿಯಪ್ಪನಿಗೆ ಬೇಜಾರು ಇರಲಿಲ್ಲ. ಅವನಿಗೆ ಬೇಜಾರು ಎನ್ನುವುದು ಬರುತ್ತಲೇ ಇರಲಿಲ್ಲ. ಬೇಜಾರು, ಹೆದರಿಕೆ, ನಾಚಿಕೆ, ದುಃಖ, ಒಳಗೆ ಏನೇ ಹುಟ್ಟಿದರೂ ಹೊರಗೆ ಬರುವ ಹೊತ್ತಿಗೆ ಅದು ಸಿಟ್ಟೇ ಆಗಿರುತ್ತಿತ್ತು.

ಅವನ ತಾಯಿ ಸತ್ತ ಸುದ್ದಿ ಬಂದ ದಿವಸ ಅವನು ಅಳಲಿಲ್ಲ. ಗ್ಯಾಸ್ ಸಿಲಿಂಡರ್ ತಡವಾಗಿ ತಂದವನ ಅಂಗಿ ಹರಿದ. ಮಗಳು ಮೋನಿಷಾ ಹನ್ನೆರಡನೇ ಕ್ಲಾಸು ಪಾಸಾದ ದಿವಸವೂ ಅಷ್ಟೆ, ಸಿಹಿ ಹಂಚುವ ಬದಲು ಸಪ್ಲೈಯರುಗಳಿಗೆಲ್ಲ ಬೈದುಕೊಂಡು ಓಡಾಡಿದ. ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಫೋನು ಹಿಡಿದು, ‘ಭಯ್ಯಾ, ಥೋಡಾ ಗುಸ್ಸಾ ದಿಖಾವೋ ನಾ, ವಿಡಿಯೋ ಬನಾ ರಹಾ ಹೂಂ’ ಎಂದ. ತನಿಯಪ್ಪ ಸಿಟ್ಟು ತೋರಿಸಿದ. ಚಟ್ನಿಯ ಬಕೀಟು ಹುಡುಗನಿಗೆ ಗೇಣು ದೂರದಲ್ಲಿ ಗೋಡೆಗೆ ಬಡಿಯಿತು. ಆ ವಿಡಿಯೋವನ್ನು ಊರಿಗೆ ಊರೇ ನೋಡಿತು.

‘ತನಿಯ, ಇನ್ನೊಂದು ಸಲ ಹೀಗಾದರೆ ನಾನು ನಿನ್ನನ್ನು ಒಳಗೆ ರುಬ್ಬುವ ಕಡೆ ಹಾಕ್ತೇನೆ’ ಎಂದ ಶಂಕರಣ್ಣ. ಕಾವಲಿಯಿಂದ ಇಳಿಸುವುದೆಂದರೆ ತನಿಯಪ್ಪನ ಮಟ್ಟಿಗೆ ಕೈ ಕಡಿದ ಹಾಗೆ. ‘ಹಂಸಾ ಮೇಡಂ ಒಂದು ಕ್ಲಾಸು ಮಾಡ್ತಾರಂತೆ. ಚಿತ್ರದ್ದು. ಸಿಟ್ಟಿಗೆ ಒಳ್ಳೆಯದಂತೆ. ಸೋಮವಾರ ಮಾರ್ಕೆಟಿಗೆ ರಜೆ, ಮಧ್ಯಾಹ್ನ ಮೇಲೆ ಗಿರಾಕಿ ಇಲ್ಲ. ಹೋಗು.’

‘ಚಿತ್ರ ಎಂತದು ಶಂಕರಣ್ಣ? ನಾನೆಂತ ಒಂದನೇ ಕ್ಲಾಸಿನ ಮಗುವಾ?’

‘ಹೋಗು ಅಂದೆ, ಹೋಗು.’

ಹಂಸಾ ಮೇಡಂ ಕಿದ್ವಾಯಿ ನಗರದವರು. ಗಂಡ ಕೇಶವಮೂರ್ತಿ ಕೇಂದ್ರ ಸರ್ಕಾರದಲ್ಲಿ ಆಫೀಸರು. ಶನಿವಾರ ಶನಿವಾರ ಇಬ್ಬರೂ ಹೋಟೆಲಿಗೆ ಬಂದು ಒಂದು ಮಸಾಲೆ, ಒಂದು ಸೆಟ್ ತಿಂದು ಹೋಗುತ್ತಿದ್ದರು. ಹಂಸಾ ಮೇಡಂ ಒಮ್ಮೆ ಕಾವಲಿಯ ಹತ್ತಿರವೇ ಬಂದು ಹೇಳಿದ್ದರು, ‘ತನಿಯಪ್ಪನವರೇ, ನಿಮ್ಮದು ಸಿಟ್ಟಲ್ಲ. ಹೊರಗೆ ಬರೋಕೆ ದಾರಿ ಸಿಗದೆ ಇರೋ ಇನ್ನೇನೋ.’ ಅವನ ಹೆಸರಿಗೆ ಒಂದು ‘ನವರೇ’ ಸೇರಿಸಿ ಕರೆದವರು ದೆಹಲಿಯಲ್ಲಿ ಅದುವರೆಗೆ ಯಾರೂ ಇರಲಿಲ್ಲ. ಆ ಒಂದು ಶಬ್ದಕ್ಕೇ ಅವನು ಹೋದ ಎಂದರೂ ತಪ್ಪಿಲ್ಲ.

ಕಾಲನಿಯ ಕಮ್ಯುನಿಟಿ ರೂಮಿನಲ್ಲಿ ಎಂಟು ಜನ. ಏಳು ಮಂದಿ ಆಫೀಸರುಗಳ ಮನೆಯವರು, ರಿಟೈರಾದವರು. ಎಂಟನೆಯವನು ಇವನು. ಮೊದಲ ದಿವಸ ಹಂಸಾ ಮೇಡಂ ಒಂದು ಇಂಗ್ಲಿಷ್ ಹಾಳೆ ಮುಂದಿಟ್ಟರು.

‘ಇಲ್ಲೊಂದು ಸೈನ್ ಮಾಡಿ.’

‘ಇದು ಎಂತದು ಮೇಡಂ?’

‘ಏನಿಲ್ಲ, ಫಾರ್ಮಾಲಿಟಿ. ಎಲ್ಲರೂ ಮಾಡಿದ್ದಾರೆ.’

ಎಲ್ಲರೂ ಮಾಡಿದ್ದರೆ ತಾನೂ ಮಾಡುವುದು. ತನಿಯಪ್ಪ ಕನ್ನಡದಲ್ಲಿ ಹೆಸರು ಬರೆದ. ಕೊನೆಯ ‘ಪ್ಪ’ ಹಾಳೆಯ ಅಂಚಿಗೆ ಹೋಗಿ ಮುದುಡಿಕೊಂಡಿತು.

ಕ್ಲಾಸಿನ ರೀತಿ ವಿಚಿತ್ರ. ಎದುರಿಗೆ ಯಾರನ್ನೂ ಕೂರಿಸುವುದಿಲ್ಲ, ಫೋಟೋ ಇಲ್ಲ, ಪೆನ್ಸಿಲ್ಲಿನ ಗೆರೆ ಇಲ್ಲ. ಕಣ್ಣು ಮುಚ್ಚಿ ಕೂರಬೇಕು. ಯಾರ ಮುಖ ಬರುತ್ತದೋ ಬರಲಿ. ಕೈ ಯಾವ ಬಣ್ಣ ಎತ್ತುತ್ತದೋ ಎತ್ತಲಿ. ಮೂಗು ಸೊಟ್ಟಗಾದರೆ ಸೊಟ್ಟಗೇ ಇರಲಿ. ‘ಮುಖ ಹೇಗಿದೆ ಅಂತ ಬೇಡ. ಆ ಮುಖ ನಿಮಗೆ ಏನು ಮಾಡುತ್ತೆ ಅನ್ನೋದನ್ನ ಹಚ್ಚಿ’ ಎನ್ನುತ್ತಿದ್ದರು ಮೇಡಂ. ಮುಗಿದ ಮೇಲೆ ಚಿತ್ರವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಬೇಕು. ಯಾರ ಮುಖ ಎಂದು ಯಾರೂ ಯಾರನ್ನೂ ಕೇಳುವಂತಿಲ್ಲ. ‘ಇಲ್ಲಿ ಮಾಡಿದ್ದು ಈ ರೂಮ್ ದಾಟಲ್ಲ. ಅದೊಂದೇ ನಮ್ಮ ರೂಲ್’ ಎಂದು ಪ್ರತಿ ಸೋಮವಾರವೂ ಹೇಳುತ್ತಿದ್ದರು.

ಪಕ್ಕದ ಕುರ್ಚಿಯಲ್ಲಿ ಗುಂಡಣ್ಣ. ಆರ್.ಕೆ.ಪುರಂನಲ್ಲಿ ಮಗನ ಕ್ವಾರ್ಟರ್ಸಿನಲ್ಲಿರುವ ರಿಟೈರ್ಡ್ ಸೆಕ್ಷನ್ ಆಫೀಸರು. ಅವರಿಗೆ ಕಣ್ಣು ಮುಚ್ಚಿದರೆ ಸಾಕು, ತಮ್ಮ ಹಳೆಯ ಮೇಲಧಿಕಾರಿಯೇ ಬರುವುದು. ‘ಈ ನನ್ಮಗ ಇವತ್ತೂ ಬಂದ್ನಲ್ಲಯ್ಯಾ’ ಎಂದು ರೂಲು ಮುರಿದು ತಾವೇ ಹೇಳಿಕೊಂಡು, ಕಡು ನೇರಳೆ ಬಣ್ಣದಲ್ಲಿ ಅವನ ಬೋಳುತಲೆಯನ್ನು ತಿಕ್ಕಿ ತಿಕ್ಕಿ ಹಚ್ಚುತ್ತಿದ್ದರು.

ತನಿಯಪ್ಪನಿಗೆ ಬ್ರಷ್ಷು ಹಿಡಿಯಲು ಬರಲಿಲ್ಲ. ಎಲ್ಲರೂ ಮೊದಲು ಮುಖದ ಸುತ್ತು ಬರೆದು ಒಳಗೆ ತುಂಬುತ್ತಿದ್ದರು. ಅವನಿಗೆ ಅದು ಅರ್ಥವೇ ಆಗಲಿಲ್ಲ. ಹಿಟ್ಟು ಹೊಯ್ಯುವ ಮೊದಲು ಯಾರಾದರೂ ದೋಸೆಗೆ ಅಂಚು ಕಟ್ಟುತ್ತಾರೆಯೇ? ಎರಡನೇ ವಾರ ಅವನು ಹೋಟೆಲಿನಿಂದ ಒಂದು ಸ್ಟೀಲ್ ಬಟ್ಟಲು ತಂದ. ಹಾಳೆಯನ್ನು ಮೇಜಿನ ಮೇಲೆ ಮಲಗಿಸಿ, ಬಣ್ಣವನ್ನು ನಡುವಿಗೆ ಹೊಯ್ದು, ಬಟ್ಟಲಿನ ತಳದಿಂದ ಸುತ್ತು ತಿರುಗಿಸಿದ. ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಕೆನ್ನೆಗೆ, ಕೆನ್ನೆಯಿಂದ ಕಿವಿಗೆ, ಮುಖ ಒಳಗಿನಿಂದ ಹೊರಗೆ ಹರಡಿತು. ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಕೈಗೇ ಗೊತ್ತಿತ್ತು. ಹಂಸಾ ಮೇಡಂ ಹಿಂದೆ ಬಂದು ನಿಂತು ಬಗ್ಗಿ ನೋಡಿದರು.

ಹಾಗೆ ಅವನು ಒಂದೊಂದೇ ಮುಖ ಇಳಿಸಿದ. ಮೊದಲು ಬಂದದ್ದು ಮೊದಲ ಹೋಟೆಲಿನ ಧಣಿ, ಮೈಯೆಲ್ಲ ಒಲೆಯ ಕೆಂಪು. ಆಮೇಲೆ ಅವನ ತಾಯಿ. ಅವಳಿಗೆ ಕೈ ಎತ್ತಿಕೊಂಡದ್ದು ನೀಲಿ, ಯಾಕೆಂದು ಅವನಿಗೂ ತಿಳಿಯದು. ಕಣ್ಣುಗಳನ್ನು ಹಾಕುವಾಗ ಅವನ ಮೂಗಿನಿಂದ ನೀರು ಸುರಿಯಿತು. ಎಂಟು ವರ್ಷ ತಡವಾಗಿ ಅವನು ತಾಯಿಗೆ ಅತ್ತ. ಗುಂಡಣ್ಣ ಏನೂ ಕೇಳದೆ ತಮ್ಮ ಕರವಸ್ತ್ರ ಕೊಟ್ಟರು.

ಹೋಟೆಲಿನಲ್ಲಿ ಬದಲಾವಣೆ ಕಾಣಿಸಿತು. ‘ತನಿಯಣ್ಣನಿಗೆ ಜ್ವರವಾ? ಎರಡು ದಿವಸದಿಂದ ಬೈಗುಳ ಇಲ್ಲ’ ಎಂದು ಸಪ್ಲೈಯರುಗಳು ಚೇಷ್ಟೆ ಮಾಡಿದರು. ಶಂಕರಣ್ಣ ಮಾತ್ರ, ‘ಪೂರ್ತಿ ಬಿಡಬೇಡ ಮಾರಾಯ, ಸ್ವಲ್ಪ ಸಿಟ್ಟು ಇರಲಿ. ಬೋರ್ಡಿನ ಹೆಸರಿಗಿಂತ ಅದೇ ಜಾಸ್ತಿ ಓಡುವುದು’ ಎಂದು ನಕ್ಕ.

ಮನೆಯಲ್ಲಿ ಹೆಂಡತಿ ಜಲಜಾಕ್ಷಿ ಸೀರೆಗಳಿಗೆ ಫಾಲ್ ಹೊಲಿಯುತ್ತ ಕೇಳುತ್ತಿದ್ದಳು.

‘ಎಂತ ಬರೆಯುವುದು ಅಲ್ಲಿ?’

‘ಮುಖ.’

‘ಯಾರದು?’

‘ಯಾರದ್ದೋ.’

ಅವಳು ಅಷ್ಟಕ್ಕೇ ಬಿಡುವವಳು. ಹೆಚ್ಚು ಮಾತಿನವಳಲ್ಲ. ಒಂದು ಕಾಲದಲ್ಲಿ ಆಗಿದ್ದಳು, ಮಾತಿಗೊಂದು ನಗೆ ಇರುತ್ತಿತ್ತು. ವರ್ಷಗಳು ಹೋದಂತೆ ಕಡಿಮೆಯಾಯಿತು, ಎಲ್ಲ ಹೆಂಗಸರಿಗೂ ಹಾಗೇ ಏನೋ ಎಂದುಕೊಂಡಿದ್ದ ತನಿಯಪ್ಪ. ಅವಳದ್ದು ಒಂದು ಅಭ್ಯಾಸವಿತ್ತು. ಯಾವಾಗಲೂ ಅವನ ಬಲಗಡೆಗೆ ಬರುವುದು. ರಸ್ತೆಯಲ್ಲಿ ಬಲಗಡೆ, ಊಟಕ್ಕೆ ಕೂತರೆ ಬಲಗಡೆ, ಮಲಗುವುದೂ ಬಲಗಡೆ. ಮೆಟ್ರೋದಲ್ಲಿ ಎಡಗಡೆ ಸೀಟು ಖಾಲಿಯಿದ್ದರೂ ನಿಂತೇ ಬರುವಳು. ಅದನ್ನು ಅವನು ಗಮನಿಸಿದ್ದ, ಆದರೆ ಯೋಚಿಸಿರಲಿಲ್ಲ. ಬಲಗೈಗೆ ಬೇಕಾದದ್ದನ್ನು ಕೊಡಲಿಕ್ಕೆ ಅನುಕೂಲ ಎಂದು ಇರಬೇಕು.

ಎಂಟನೇ ಸೋಮವಾರ ಅವನು ಕಣ್ಣು ಮುಚ್ಚಿದರೆ ಜಲಜಾಕ್ಷಿ ಬಂದಳು.

ಕೈ ಅರಿಶಿನದ ಬಣ್ಣ ಎತ್ತಿತು, ಸ್ವಲ್ಪ ಕೆಂಪು ಬೆರೆಸಿತು. ಬಟ್ಟಲು ತಿರುಗಿತು. ಮೂಗು ಬಂತು, ಮೂಗಿನ ಬೊಟ್ಟು ಬಂತು, ನಗಲು ಹೊರಟು ನಿಂತ ತುಟಿ ಬಂತು. ಬಲಗೆನ್ನೆ ಬಂತು. ಎಡಗೆನ್ನೆಯ ಕಡೆ ಬಟ್ಟಲು ಹೋಗಲೇ ಇಲ್ಲ. ಮೂರು ಸಲ ತಿರುಗಿಸಿದ, ಮೂರು ಸಲವೂ ಕೈ ಅಲ್ಲಿಂದ ಹಿಂದೆ ಬಂತು. ಬಿಳಿ ಹಾಳೆ ಹಾಗೇ ಉಳಿಯಿತು, ಕಾವಲಿಗೆ ಹಿಟ್ಟು ಅಂಟದ ಜಾಗದಂತೆ.

ಎಲ್ಲರೂ ಎದ್ದು ಹೋದ ಮೇಲೂ ಅವನು ಕೂತಿದ್ದ. ಹಂಸಾ ಮೇಡಂ ಕುರ್ಚಿ ಎಳೆದುಕೊಂಡು ಪಕ್ಕ ಕೂತರು.

‘ಹೇಳಬೇಕು ಅನ್ನಿಸಿದರೆ ಹೇಳಿ. ಗೋಡೆಗೆ ಹೇಳಿದ ಹಾಗೆ.’

ಗೋಡೆಗೆ ಹೇಳಿದ ಹಾಗೆ ಎಂದುಕೊಂಡೇ ಹೇಳಿದ. ಒಂಬತ್ತು ವರ್ಷದ ಹಿಂದಿನ ಮಾತು. ಹೋಟೆಲಿಗೆ ರಜೆ. ಮಗಳು ಮನೆಯಲ್ಲಿರಲಿಲ್ಲ. ತಾನೇ ಹೆಂಡತಿಗೆ ದೋಸೆ ಹೊಯ್ದು ಕೊಡುತ್ತೇನೆಂದು ಹೊಸ ಕಾವಲಿ ತಂದು ಒಲೆಗಿಟ್ಟ. ಪಳಗದ ಕಾವಲಿ, ಮೊದಲ ದೋಸೆ ಅಂಟಿ ಹರಿಯಿತು, ಎರಡನೆಯದೂ ಹರಿಯಿತು. ಜಲಜಾಕ್ಷಿ ನಕ್ಕಳು, ‘ಶಂಕರಣ್ಣನ ಕಾವಲಿ ಇಲ್ಲದಿದ್ದರೆ ನಿಮ್ಮ ಮಾತು ದೋಸೆಯೂ ಕೇಳುವುದಿಲ್ಲವಾ?’ ಎಂದಳು. ಅವನ ಕೈ ಅವಳ ಕೆನ್ನೆಗೆ ಹೋಯಿತು. ಒಂದೇ ಏಟು. ಅವಳು ಅಳಲಿಲ್ಲ. ಹರಿದ ದೋಸೆಯನ್ನು ಎತ್ತಿ ತಟ್ಟೆಗೆ ಹಾಕಿಕೊಂಡು ತಿಂದಳು. ಅವತ್ತಿನಿಂದ ಇವತ್ತಿನವರೆಗೆ ಅವಳೂ ಆ ಮಾತು ಎತ್ತಲಿಲ್ಲ, ಇವನೂ ಎತ್ತಲಿಲ್ಲ.

‘ಯಾರಿಗೂ ಹೇಳಿಲ್ಲ ಮೇಡಂ. ಶಂಕರಣ್ಣನಿಗೂ ಹೇಳಿಲ್ಲ.’

ಹಂಸಾ ಮೇಡಂ ಕಣ್ಣೊರೆಸಿಕೊಂಡರು. ‘ಈ ಕೆನ್ನೆ ಹಾಗೇ ಇರಲಿ. ಬಣ್ಣ ಹಚ್ಚಬೇಡಿ.’

‘ಗೋಡೆಗೆ ತಿರುಗಿಸಿ ಇಡ್ತೀರಲ್ಲ?’

‘ಅಯ್ಯೋ, ಖಂಡಿತ.’

ಆ ಸಂಜೆ ಅವನು ಕಿದ್ವಾಯಿ ನಗರದಿಂದ ಕರೋಲ್ ಬಾಗಿನವರೆಗೆ ಹಾರಿಕೊಂಡು ಬಂದಂತೆ ಬಂದ. ಎದೆಯ ಮೇಲಿನ ಕಲ್ಲು ಯಾರೋ ಎತ್ತಿಕೊಂಡಿದ್ದರು. ದಾರಿಯಲ್ಲಿ ಹೆಂಡತಿಗೆಂದು ಕಡಲೆಕಾಯಿ ಚಿಕ್ಕಿ ಕಟ್ಟಿಸಿದ. ಜಲಜಾಕ್ಷಿ ಪೊಟ್ಟಣ ಬಿಚ್ಚಿ, ‘ಇವತ್ತು ಎಂತ ವಿಶೇಷ?’ ಎಂದಳು. ‘ಎಂತ ಇಲ್ಲ’ ಎಂದ. ಅವನಿಗೆ ಆಗಲೇ ಎಲ್ಲ ಹೇಳಿ ಮುಗಿದಿತ್ತು.

ಫೆಬ್ರವರಿಯಲ್ಲಿ ಹೋಟೆಲಿಗೆ ಒಂದು ಆರ್ಡರ್ ಬಂತು. ಆರ್.ಕೆ.ಪುರಂನಲ್ಲಿ ಬಾಡಿಗೆಗೆ ಹಿಡಿದ ಒಂದು ಹಾಲ್‌ನಲ್ಲಿ ಹಂಸಾ ಮೇಡಂ ಕ್ಲಾಸಿನವರ ಚಿತ್ರಗಳ ಪ್ರದರ್ಶನ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಹೊರಗೆ ಶಾಮಿಯಾನದಲ್ಲಿ ಬಿಸಿ ಬಿಸಿ ದೋಸೆ. ತನಿಯಪ್ಪ ಕೇಳಿದ್ದ, ‘ಮೇಡಂ, ನನ್ನದು?’ ‘ಹಾಕೋಕೆ ಆಗೋದನ್ನ ಮಾತ್ರ ಹಾಕ್ತೀವಿ, ಯೋಚನೆ ಮಾಡಬೇಡಿ’ ಎಂದಿದ್ದರು ಮೇಡಂ. ಯೋಚನೆ ಮಾಡಬೇಡ ಎಂದಮೇಲೆ ಅವನು ಮಾಡಲಿಲ್ಲ.

ಆವತ್ತು ಟೆಂಪೋದಲ್ಲಿ ದೊಡ್ಡ ಕಾವಲಿ, ಹಿಟ್ಟಿನ ಡ್ರಮ್ಮು, ಚಟ್ನಿಯ ಪಾತ್ರೆ. ಕೈಗೆ ಸಹಾಯವಾಗಲಿ ಎಂದು ಜಲಜಾಕ್ಷಿ ಬಂದಳು. ಫೋಟೋ ತೆಗೆಯುತ್ತೇನೆಂದು ಕಾಲೇಜು ಓದುವ ಮೋನಿಷಾ ಬಂದಳು. ಬಿಸಿಲು ಹಿತವಾಗಿತ್ತು. ಕಾರುಗಳಿಂದ ಸೀರೆಯುಟ್ಟವರು, ಕೋಟು ಹಾಕಿದವರು ಇಳಿದು ಒಳಗೆ ಹೋಗುತ್ತಿದ್ದರು. ತನಿಯಪ್ಪನ ಕಾವಲಿಯಲ್ಲಿ ಒಮ್ಮೆಗೆ ಆರು ದೋಸೆ. ಒಂದು ಸಲವೂ ಯಾರಿಗೂ ಬೈಯಲಿಲ್ಲ.

ಗುಂಡಣ್ಣ ಹೊರಗೆ ಬಂದವರು ತಟ್ಟೆ ಹಿಡಿಯಲಿಲ್ಲ. ಕಾವಲಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು.

‘ಏನಯ್ಯಾ ತನಿಯಪ್ಪ, ಅದನ್ನ ಹಾಕೋಕೆ ನೀನೇ ಒಪ್ಪಿದ್ಯಾ?’

‘ಯಾವುದನ್ನು?’

‘ಬಾಗಿಲಲ್ಲೇ ಹಾಕಿದ್ದಾರಲ್ಲಯ್ಯಾ. ಎಲ್ಲಕ್ಕಿಂತ ದೊಡ್ಡದಾಗಿ, ಗಾಜು ಕಟ್ಟಿಸಿ. ನನ್ನ ಸಾಹೇಬನ್ನ ಟಾಯ್ಲೆಟ್ ಪಕ್ಕ ನೇತುಹಾಕಿದ್ದಾರೆ. ಅದು ಸರಿಯಾಗೇ ಇದೆ, ಬಿಡು. ನಿಂದು...’

ಅಷ್ಟರಲ್ಲಿ ಮೋನಿಷಾ ಬಂದಳು. ಫೋನು ಅವನ ಮುಖದ ಮುಂದೆ ಹಿಡಿದಳು.

‘ಪಪ್ಪಾ, ಯೇ ಮಮ್ಮಿ ಹೈ ನಾ?’

ಅವನು ನೋಡಿದ. ಅರಿಶಿನದ ಮುಖ, ಬಿಳಿಯ ಕೆನ್ನೆ. ಕೆಳಗೆ ಒಂದು ಚೀಟಿ.

‘ಕೆಳಗೆ ಚೀಟಿಯಲ್ಲಿ ಕ್ಯಾ ಲಿಖಾ ಹೈ ಗೊತ್ತಾ? ಇಂಗ್ಲಿಷಲ್ಲಿದೆ. ಹೊಡೆದ ಕೆನ್ನೆ. ಹೆಂಡತಿಗೆ ಹೊಡೆದ ಒಬ್ಬ ದೋಸೆ ಅಡುಗೆಯವನ ಪಶ್ಚಾತ್ತಾಪ. ನಿಮ್ಮ ಹೆಸರು. ಶಂಕರ್ ಅಂಕಲ್ ಹೋಟೆಲ್ ಕಾ ನಾಮ್ ಭೀ.’ ಅವಳು ಫೋನು ಕೆಳಗಿಳಿಸಿದಳು. ‘ಸಚ್ ಮೇಂ? ನೀವು ಮಮ್ಮಿಗೆ ಹೊಡೆದಿದ್ದೀರಾ?’

‘ಮಮ್ಮಿ ಎಲ್ಲಿ?’

‘ಒಳಗೆ. ಚಟ್ನಿ ಲೇಕರ್ ಗಯೀ.’

ಮೂವತ್ತು ವರ್ಷದಲ್ಲಿ ಒಂದು ದಿವಸವೂ ತನಿಯಪ್ಪ ಬೇಯುವ ದೋಸೆ ಬಿಟ್ಟು ಹೋದವನಲ್ಲ. ಆವತ್ತು ಆರು ದೋಸೆ ಕಾವಲಿಯ ಮೇಲೆ ಬಿಟ್ಟು, ಸಟ್ಟುಗ ಕೈಯಲ್ಲೇ ಹಿಡಿದುಕೊಂಡು ಒಳಗೆ ಓಡಿದ.

ಹಂಸಾ ಮೇಡಂ ಚಿತ್ರದ ಪಕ್ಕ ಮೈಕು ಹಿಡಿದು ನಿಂತಿದ್ದರು. ಎದುರಿಗೆ ಐವತ್ತು ಅರವತ್ತು ಜನ. ‘ಈ ಕೆನ್ನೆ ನೋಡಿ. ಇಲ್ಲಿ ಬಣ್ಣ ಇಲ್ಲ. ಒಂಬತ್ತು ವರ್ಷ ಬಾಯಿಬಿಡದ ಒಬ್ಬ ಮನುಷ್ಯ ನನ್ನ ಹತ್ತಿರ ಬಾಯಿಬಿಟ್ಟ ಕ್ಷಣ ಇದು...’ ಅವರ ಕಣ್ಣು ಬಾಗಿಲಿಗೆ ಬಿತ್ತು. ಮುಖ ಅರಳಿತು. ‘ಓ, ಬಂದರು ನೋಡಿ! ಇವರೇ ನಮ್ಮ ತನಿಯಪ್ಪನವರು. ಜೋರಾಗಿ ಒಂದು ಚಪ್ಪಾಳೆ!’

ಜನ ಚಪ್ಪಾಳೆ ತಟ್ಟಿದರು.

ಚಿತ್ರದ ಮುಂದೆ, ಎಲ್ಲರಿಗಿಂತ ಹತ್ತಿರ, ಚಟ್ನಿಯ ಪಾತ್ರೆ ಸೊಂಟಕ್ಕೆ ಆನಿಸಿಕೊಂಡು ಜಲಜಾಕ್ಷಿ ನಿಂತಿದ್ದಳು. ಅದೇ ಮೂಗು, ಅದೇ ಬೊಟ್ಟು, ಅದೇ ತುಟಿ. ಹಂಸಾ ಮೇಡಂಗೆ ಗುರುತು ಹತ್ತಿರಲಿಲ್ಲ. ಚಟ್ನಿ ತಂದ ಹೆಂಗಸಿನ ಮುಖವನ್ನು ಅವರು ನೋಡಿರಲೇ ಇಲ್ಲ.

‘ಮೇಡಂ’ ಎಂದ ತನಿಯಪ್ಪ. ‘ಗೋಡೆಗೆ ತಿರುಗಿಸಿ ಇಡ್ತೇನೆ ಅಂದಿರಿ.’

ಚಪ್ಪಾಳೆ ನಿಂತಿತು. ಹಂಸಾ ಮೇಡಂ ಮೈಕು ಕೆಳಗಿಳಿಸಿ ಹತ್ತಿರ ಬಂದರು. ‘ತನಿಯಪ್ಪನವರೇ, ನೀವು ಸೈನ್ ಮಾಡಿದ್ದೀರಲ್ಲ? ಆ ಫಾರ್ಮಲ್ಲಿ ಎಲ್ಲ ಇದೆ. ನಿಮ್ಮ ಓನರ್‌ಗೂ ಹೇಳಿದ್ದೆ. ಧಾರಾಳವಾಗಿ ಹಾಕಿ, ಹೋಟೆಲ್ ಹೆಸರೂ ಹಾಕಿ ಅಂದರು.’

‘ಶಂಕರಣ್ಣನಿಗೆ ಹೇಳಿದಿರಾ? ನಾನು ನಿಮಗೆ ಹೇಳಿದ್ದನ್ನು?’

‘ಇದರಲ್ಲಿ ತಪ್ಪೇನಿದೆ? ಎಷ್ಟು ಹೆಣ್ಣುಮಕ್ಕಳಿಗೆ ಇದರಿಂದ ಧೈರ್ಯ ಬರುತ್ತೆ ಗೊತ್ತಾ? ಬೆಳಿಗ್ಗೆಯಿಂದ ಇಬ್ಬರು ನನ್ನ ಹತ್ತಿರ ಬಂದು ಅತ್ತಿದ್ದಾರೆ.’

‘ಎಷ್ಟೋ ಹೆಣ್ಣುಮಕ್ಕಳು ಬೇಡ ಮೇಡಂ. ಈ ಒಬ್ಬಳನ್ನು ಕೇಳಿದಿರಾ?’ ಅವನು ಸಟ್ಟುಗದಿಂದ ತೋರಿಸಿದ. ‘ನಿಮ್ಮ ಚಿತ್ರಕ್ಕೆ ಎದುರಿಗೇ ನಿಂತಿದ್ದಾಳಲ್ಲ!’

ಜನ ಜಲಜಾಕ್ಷಿಯ ಕಡೆ ತಿರುಗಿದರು. ಒಮ್ಮೆ ಅವಳನ್ನು, ಒಮ್ಮೆ ಚಿತ್ರವನ್ನು, ಮತ್ತೆ ಅವಳ ಕೆನ್ನೆಯನ್ನು ನೋಡಿದರು. ತನಿಯಪ್ಪನಿಗೆ ಆಗ ಅರ್ಥವಾಯಿತು, ತೋರಿಸಿಕೊಟ್ಟವನು ತಾನೇ. ಮಂಡೆಗೆ ರಕ್ತ ಏರಿತು. ಹಳೆಯ ಸಿಟ್ಟು, ಹನ್ನೆರಡು ಸೋಮವಾರ ಎಲ್ಲಿಗೆ ಹೋಗಿತ್ತೋ, ಒಂದೇ ನೆಗೆತಕ್ಕೆ ವಾಪಸು ಬಂತು. ಬಲಗೈಯಲ್ಲಿ ಸಟ್ಟುಗ ಇತ್ತು. ಎಡಗೈ ಎತ್ತಿ ಚಿತ್ರದ ಕಡೆ ನುಗ್ಗಿದ.

ಜಲಜಾಕ್ಷಿ ತಲೆಯನ್ನು ಚೂರು ಹಿಂದಕ್ಕೆ ಎಳೆದುಕೊಂಡಳು. ಒಂದು ಬೆರಳಿನಷ್ಟು, ಅಷ್ಟೆ. ಅವಳು ನೋಡುತ್ತಿದ್ದದ್ದು ಅವನ ಮುಖವನ್ನಲ್ಲ, ಸಟ್ಟುಗವನ್ನೂ ಅಲ್ಲ. ಆ ಎಡಗೈಯನ್ನು.

ಅವನ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಚಿತ್ರವನ್ನು ಮೊಳೆಯಿಂದ ಬಿಡಿಸಿ ಕೆಳಗಿಳಿಸಿದ. ಯಾರೂ ತಡೆಯಲಿಲ್ಲ. ಹಂಸಾ ಮೇಡಂ, ‘ಗ್ಲಾಸು, ಹುಷಾರು’ ಎಂದರು. ಅವರಿಗೆ ಆಗ ಬಾಯಿಗೆ ಬಂದ ಮಾತು ಅಷ್ಟೇ.

ಹೊರಗೆ ಆರು ದೋಸೆಗಳೂ ಇದ್ದಿಲಾಗಿದ್ದವು. ಮೋನಿಷಾ ಗ್ಯಾಸು ಆರಿಸಿ ನಿಂತಿದ್ದಳು. ‘ಮೈಂ ಮೆಟ್ರೋ ಸೇ ಆತೀ ಹೂಂ’ ಎಂದು, ಅಪ್ಪನ ಮುಖ ನೋಡದೆ ಮೆಟ್ರೋ ಸ್ಟೇಷನ್ನಿನ ಕಡೆ ಹೊರಟುಹೋದಳು.

ಟೆಂಪೋ ರಿಂಗ್ ರೋಡಿಗೆ ಬಂದಾಗ ತನಿಯಪ್ಪ ಶಂಕರಣ್ಣನಿಗೆ ಫೋನು ಹಚ್ಚಿದ.

‘ನಿನಗೆ ಗೊತ್ತಿತ್ತಾ?’ ಎಂದ. ಎಷ್ಟೋ ವರ್ಷದ ಮೇಲೆ ‘ಅಣ್ಣ’ ಬಿಟ್ಟುಹೋಯಿತು.

‘ಅರೆ ತನಿಯ, ಅದಕ್ಕೆ ಯಾಕೆ ಬೊಬ್ಬೆ ಹೊಡೆಯುವುದು? ಯಾರ ಮನೆಯಲ್ಲಿ ಇಲ್ಲ ಇದು? ಹೋಟೆಲಿಗೂ ಒಂದು ಹೆಸರಾಯ್ತು, ನಿನಗೂ ಆರ್ಟಿಸ್ಟ್ ಅಂತ...’

ಫೋನು ಕಟ್ಟು ಮಾಡಿದ. ಒಂದೇ ಚಾಪೆಯಲ್ಲಿ ಮಲಗಿ ಬಂದವನು. ಪಕ್ಕದಲ್ಲಿ, ಬಲಗಡೆ, ಜಲಜಾಕ್ಷಿ ಮುಂದಿನ ಗಾಜಿನ ಹೊರಗೆ ನೋಡುತ್ತಿದ್ದಳು.

ಕೋಣೆಗೆ ಬಂದು ಅವನು ಚಿತ್ರವನ್ನು ಗೋಡೆಗೆ ಮುಖ ಮಾಡಿ ಇಟ್ಟ. ಆಮೇಲೆ ಅವನ ಬಾಯಿಗೆ ಹಿಡಿತವಿರಲಿಲ್ಲ. ಮೇಡಮ್ಮನ ವಂಶವನ್ನು ಹಿಡಿದು ಎಳೆದ, ಶಂಕರಣ್ಣನ ಹೋಟೆಲಿಗೆ ಬಾಯಲ್ಲೇ ಬೆಂಕಿ ಹಾಕಿದ. ‘ನಂಬಿಸಿ ಕುತ್ತಿಗೆ ಕೊಯ್ದರು! ತನಿಯಪ್ಪನವರೇ, ತನಿಯಪ್ಪನವರೇ ಅಂತ ಹೇಳಿ ಹೇಳಿ ಒಳಗಿದ್ದದ್ದನ್ನೆಲ್ಲ ಕಕ್ಕಿಸಿಕೊಂಡು ಗಾಜು ಹಾಕಿ ಮಾರಿದರು! ಇಂಗ್ಲಿಷ್ ಬಾರದವನು ಅಂತ ಸೈನ್ ಹಾಕಿಸಿಕೊಂಡರು! ನಾನು ಮೋಸ ಹೋದೆ ಮಾರಾಯ್ತಿ, ಮೋಸ ಹೋದೆ!’

ಜಲಜಾಕ್ಷಿ ಚಟ್ನಿಯ ಪಾತ್ರೆ ತೊಳೆದು ಕವುಚಿ ಹಾಕಿದಳು. ಕೈ ಒರೆಸಿಕೊಂಡು ಬಂದಳು. ಚಿತ್ರವನ್ನು ತಿರುಗಿಸಿ ಬೆಳಕಿಗಿಟ್ಟಳು.

‘ಈ ಕೆನ್ನೆಯಲ್ಲ’ ಎಂದಳು.

‘ಎಂತ?’

‘ಎಡದ್ದು ಬಿಟ್ಟಿದ್ದೀರಿ. ಇದಲ್ಲ. ಬಲಗೆನ್ನೆ.’ ಅವಳ ದನಿ ಸೀರೆಯ ಅಳತೆ ಹೇಳುವಷ್ಟೇ ಸಮವಾಗಿತ್ತು. ‘ಆ ದಿವಸ ಒಲೆಯ ಮುಂದೆ ನಿಮ್ಮ ಬಲಗೈಯಲ್ಲಿ ಸಟ್ಟುಗ ಇತ್ತು. ಕಾದದ್ದು. ನಾನು ಅದನ್ನೇ ನೋಡ್ತಾ ಇದ್ದೆ. ಅದು ಬರ್ತದೆ ಅಂತ. ಬಂದದ್ದು ಎಡಗೈ, ಈ ಕಡೆಯಿಂದ.’

ತನಿಯಪ್ಪ ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಹೊಡೆಯುವುದೆಂದರೆ ಬಲಗೈ, ಹಾಗೆಂದೇ ಒಂಬತ್ತು ವರ್ಷ ನೆನಪಿಟ್ಟುಕೊಂಡಿದ್ದ. ಆ ನೆನಪಿನಲ್ಲಿ ಸಟ್ಟುಗವೇ ಇರಲಿಲ್ಲ. ರಸ್ತೆಯಲ್ಲಿ ಬಲಗಡೆ, ಊಟಕ್ಕೆ ಬಲಗಡೆ, ಮಲಗಿದರೆ ಬಲಗಡೆ. ಮೆಟ್ರೋದಲ್ಲಿ ಖಾಲಿ ಸೀಟು ಬಿಟ್ಟು ನಿಂತದ್ದು. ಒಂದೊಂದೇ ಬಂದು ಅವನ ಎದೆಯ ಮೇಲೆ ಕೂತಿತು. ಮೇಡಂ ಎತ್ತಿಕೊಂಡಿದ್ದ ಕಲ್ಲು ಇದಾಗಿರಲಿಲ್ಲ. ಇದು ಬೇರೆಯೇ ಕಲ್ಲು.

‘ಜಲಜ...’

‘ಅವರು ನಿಮಗೆ ಮೋಸ ಮಾಡಿದರು, ಹೌದು’ ಎಂದಳು ಅವಳು. ‘ಯಾರಿಗೂ ಹೇಳುವುದಿಲ್ಲ ಅಂತ ಹೇಳಿ ಊರಿಗೆಲ್ಲ ಹೇಳಿದರು. ನಿಮಗೆ ಎಷ್ಟು ಸಿಟ್ಟು ಬಂತು! ನಾನು ಒಂಬತ್ತು ವರ್ಷ ಯಾರಿಗೂ ಹೇಳಲಿಲ್ಲ. ನನ್ನ ಅಮ್ಮನಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ನಿಮ್ಮ ಮರ್ಯಾದೆ ಅಂತ. ಒಂದು ದಿವಸ ನೀವೇ ಹೇಳ್ತೀರಿ, ನನ್ನ ಹತ್ತಿರ, ಅಂತ. ಕೊನೆಗೆ ಹೇಳಿದಿರಿ. ಯಾರ ಹತ್ತಿರ? ಸೋಮವಾರದ ಮೇಡಂ ಹತ್ತಿರ. ನನಗೆ ಚಿಕ್ಕಿ ತಂದಿರಿ.’

ಕೆಳಗೆ ಗಲ್ಲಿಯಲ್ಲಿ ಬಟಾಣಿ ಮಾರುವವನು ‘ಮಟರ್ ಲೇ ಲೋ, ಮೀಠೀ ಮಟರ್’ ಎಂದು ಕೂಗಿಕೊಂಡು ಹೋದ. ತನಿಯಪ್ಪನಿಗೆ ಸಿಟ್ಟು ಮಾಡಲು ಒಬ್ಬರು ಬೇಕಿತ್ತು. ಒಬ್ಬರೂ ಸಿಗಲಿಲ್ಲ. ಮೇಡಂ ಸಿಕ್ಕಿದರೂ, ಶಂಕರ ಸಿಕ್ಕಿದರೂ ಸಾಲುತ್ತಿರಲಿಲ್ಲ. ಅವನು ಕಪಾಟಿನ ಮೇಲಿದ್ದ ಕ್ಲಾಸಿನ ಬಣ್ಣದ ಡಬ್ಬಿಗೆ ಕೈ ಹಾಕಿದ. ಸ್ಟೀಲ್ ಬಟ್ಟಲನ್ನೂ ಎತ್ತಿಕೊಂಡ.

‘ಕೂತುಕೋ. ಸರಿ ಮಾಡಿ ಬರೀತೇನೆ. ಆ ಕೆನ್ನೆ, ಸರಿಯಾದದ್ದು...’

‘ಬರೆಯುವುದು ಬೇಡ’ ಎಂದಳು ಜಲಜಾಕ್ಷಿ. ಬಟ್ಟಲನ್ನು ಅವನ ಕೈಯಿಂದ ತೆಗೆದು, ಅಡುಗೆಯ ಪಾತ್ರೆಗಳ ಜೊತೆ ಕವುಚಿ ಇಟ್ಟಳು. ‘ಹೇಳಿ.’

‘ಎಂತ ಹೇಳುವುದು?’

‘ಅವರಿಗೆ ಎಂತ ಹೇಳಿದಿರೋ ಅದು.’

ಮೂವತ್ತು ವರ್ಷ ರುಬ್ಬುವ ಯಂತ್ರದ ಸದ್ದಿನ ಮೇಲೆ ಕೂಗಿದ ಗಂಟಲನ್ನು ಸರಿಮಾಡಿಕೊಂಡು ಅವನು ನೆಲದ ಮೇಲೆ ಕೂತ. ಬಟ್ಟಲಿಲ್ಲದ ಕೈಗಳು ಮಡಿಲಲ್ಲಿ ಬಿದ್ದಿದ್ದವು. ಜಲಜಾಕ್ಷಿ ಕಾದಳು. ಅವನ ಬಲಗಡೆಗೇ ನಿಂತಿದ್ದಳು, ಯಾವತ್ತಿನ ಹಾಗೆ.

‘ಆ ದಿವಸ’ ಎಂದ ತನಿಯಪ್ಪ. ‘ಸಂಜೆ ಹೊತ್ತು. ನಾನು ಹೊಸ ಕಾವಲಿ ತಂದು...’

‘ಸಂಜೆಯಲ್ಲ’ ಎಂದಳು ಅವಳು. ‘ಬೆಳಿಗ್ಗೆ. ಮೊದಲಿನಿಂದ ಹೇಳಿ.’